ಪೆಟ್ಟಿಗೆಯೊಳಗೊಂದು ಕನ್ನಡಿ

2012ರ ಡಿಸೆಂಬರಿನಲ್ಲಿ, ಅಂದರೆ ಆ ವರ್ಷ ಮುಗಿಯುವ ಹೊತ್ತಿಗೆ, ಮಿತ್ಸುಬಿಷಿ ಕಂಪನಿಯವರು ಇನ್ನು ರಿಯರ್ ಪ್ರೊಜೆಕ್ಷನ್ ಟೀವಿ ತಯಾರಿಸುವುದಿಲ್ಲ ಅಂತ ಹೇಳಿಬಿಟ್ಟರು. ಯಾರೂ ಅಳಲಿಲ್ಲ. ಸೋನಿ 2007ರ ಕೊನೆಯಲ್ಲೇ ಈ ವ್ಯಾಪಾರ ಬಿಡುವುದಾಗಿ ಹೇಳಿತ್ತು, ಸ್ಯಾಮ್‌ಸಂಗ್ ಅದರ ಮರುವರ್ಷ. ಮಿತ್ಸುಬಿಷಿಯೊಂದೇ 73, 82, 92 ಇಂಚು ಅಂತ ಗೋಡೆಯಷ್ಟು ಅಗಲದ ಪರದೆ ಮಾಡಿಕೊಂಡು ಹಟ ಹಿಡಿದು ಕೂತಿತ್ತು. ಅದೂ ಮುಗಿಯಿತು. ಆ ಸುದ್ದಿ ಓದಿದ ವಾರವೇ ನಮ್ಮ ಮನೆಯಲ್ಲಿದ್ದ ಎಂಟು ವರ್ಷದ ಪೆಟ್ಟಿಗೆಯನ್ನು ಹೊರಗೆ ಹಾಕುವ ಮಾತು ಶುರುವಾಯಿತು.

ಊರ ಕಡೆ ಈ ಬರಹ ಓದುತ್ತಿರುವವರಲ್ಲಿ ಬಹಳ ಜನ ಇಂಥ ಟೀವಿ ನೋಡಿರಲಿಕ್ಕಿಲ್ಲ. ನಮ್ಮಲ್ಲಿ ಡಬ್ಬಾ ಟೀವಿಯಿಂದ ಸೀದಾ ಗೋಡೆಗೆ ನೇತುಹಾಕುವ ಟೀವಿಗೆ ಹಾರಿದವರೇ ಹೆಚ್ಚು. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಸುಮಾರು ಇಪ್ಪತ್ತೈದು ವರ್ಷ, ಕೈಯಲ್ಲಿ ದುಡ್ಡು ಕಮ್ಮಿ ಇದ್ದು ಪರದೆ ದೊಡ್ಡದು ಬೇಕು ಅನ್ನುವವರ ಟೀವಿ ಅಂದರೆ ಇದೇ. ನೋಡೋಕೆ ಥೇಟ್ ಕಪಾಟು. ಒಳಗೆ ಬಹುಪಾಲು ಖಾಲಿ. ತಳದಲ್ಲಿ ಮೂರು ಸಣ್ಣ ಪಿಕ್ಚರ್ ಟ್ಯೂಬು, ಹಿಂಭಾಗದಲ್ಲಿ ವಾಲಿಸಿಟ್ಟ ಒಂದು ದೊಡ್ಡ ಕನ್ನಡಿ, ಮುಂದೆ ಪರದೆ. ಟ್ಯೂಬಿನಿಂದ ಹೊರಟ ಬೆಳಕು ಕನ್ನಡಿಗೆ ಬಡಿದು, ಪರದೆಯ ಬೆನ್ನ ಮೇಲೆ ಬೀಳುತ್ತದೆ. ನಾವು ಈಚೆಯಿಂದ ನೋಡುತ್ತೇವೆ. ಸಣ್ಣ ಚಿತ್ರವನ್ನು ಹಿಗ್ಗಿಸಿ ತೋರಿಸುವ ಬಡವರ ಉಪಾಯ ಅನ್ನಿ.

ಉಪಾಯ ಹಳೆಯದು. 1946-47ರಲ್ಲಿ ಅಮೆರಿಕದವರ ಮನೆಗೆ ಬಂದ ಟೀವಿಗಳ ಪರದೆ ಬರೀ ಹತ್ತು ಇಂಚು. ದೊಡ್ಡ ಟ್ಯೂಬ್ ಊದಿ ಮಾಡುವುದು ಕಷ್ಟ, ಒಳಗೆ ಗಾಳಿ ಇರುವುದಿಲ್ಲವಾದ್ದರಿಂದ ಗಾಜು ದಪ್ಪ ಇರಬೇಕು, ತೂಕ ಏರುತ್ತದೆ. ಆಗ ಆರ್‌ಸಿಎ ಕಂಪನಿ 1947ರಲ್ಲಿ ಐದಿಂಚಿನ ಒಂದು ಟ್ಯೂಬಿನ ಚಿತ್ರವನ್ನು ಹಿಗ್ಗಿಸಿ, 15 ಇಂಚು ಎತ್ತರ 20 ಇಂಚು ಅಗಲದ ಪರದೆಯ ಹಿಂದಿನಿಂದ ಬಿಡುವ ಪೆಟ್ಟಿಗೆ ತಂದಿತು. ಬೆಲೆ ಸಾವಿರ ಡಾಲರಿಗಿಂತ ಮೇಲೆ. ಯಾರು ಕೊಳ್ಳುತ್ತಾರೆ? ಬಾರಿನವರು. ಆ ವರ್ಷವೇ ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್ ಮೊದಲ ಸಲ ಟೀವಿಯಲ್ಲಿ ಬಂತು. ಮನೆಯಲ್ಲಿ ಟೀವಿ ಇಲ್ಲದ ಜನ ಬಿಯರ್ ಗ್ಲಾಸ್ ಹಿಡಿದು ಬಾರಿನಲ್ಲಿ ನಿಂತೇ ಆಟ ನೋಡಿದರು. ದೊಡ್ಡ ಪರದೆ ಆಗ ಗುಂಪಿನ ಸೊತ್ತು.

ಆ ಐದಿಂಚನ್ನು ಹಿಗ್ಗಿಸಿದ ವಿದ್ಯೆ ಮಾತ್ರ ಟೀವಿಯವರದಲ್ಲ, ಖಗೋಳದವರದು. ಎಸ್ಟೋನಿಯಾದ ಒಂದು ದ್ವೀಪದಲ್ಲಿ ಹುಟ್ಟಿದ ಬರ್ನ್‌ಹಾರ್ಡ್ ಶ್ಮಿಟ್ ಎಂಬಾತ ಹುಡುಗನಾಗಿದ್ದಾಗ ಮದ್ದಿನ ಪುಡಿ ಜೊತೆ ಆಟವಾಡಲು ಹೋಗಿ ಬಲಗೈ ಕಳೆದುಕೊಂಡ. ಉಳಿದ ಒಂದೇ ಕೈಯಲ್ಲಿ ಗಾಜು ಉಜ್ಜುತ್ತಾ 1930ರಲ್ಲಿ ಹ್ಯಾಂಬರ್ಗ್ ವೀಕ್ಷಣಾಲಯದಲ್ಲಿ ನಕ್ಷತ್ರಗಳ ಫೋಟೋ ತೆಗೆಯುವ ಹೊಸ ನಮೂನೆಯ ಕ್ಯಾಮೆರಾ ಮಾಡಿದ. ಒಳಗುಬ್ಬಿದ ಕನ್ನಡಿ, ಅದರ ಮುಂದೊಂದು ತೆಳು ಗಾಜು. ಅದು ಆಕಾಶದ ಬೆಳಕನ್ನು ಒಟ್ಟುಮಾಡುವ ಯಂತ್ರ. ಅದನ್ನೇ ತಿರುಗುಮುರುಗು ಮಾಡಿದರೆ ಬೆಳಕನ್ನು ಹರಡುವ ಯಂತ್ರ. 1970ರ ದಶಕದ ಆರಂಭದಲ್ಲಿ ಹೆನ್ರಿ ಕ್ಲಾಸ್ ಎಂಬ ಸ್ಪೀಕರ್ ತಯಾರಕ ತನ್ನ ಅಡ್ವೆಂಟ್ ಕಂಪನಿಯಿಂದ ಏಳಡಿ ಪರದೆಯ ವೀಡಿಯೋಬೀಮ್ ತಂದಾಗಲೂ ಒಳಗಿದ್ದದ್ದು ಶ್ಮಿಟ್ಟನ ಲೆಕ್ಕವೇ. ಆದರೆ ಅದು ಸಿನಿಮಾದಂತೆ ಮುಂದಿನಿಂದ ಬೆಳಕು ಬಿಡುವ ಯಂತ್ರ, ಕೋಣೆ ಕತ್ತಲು ಮಾಡಬೇಕು, ನಡುವೆ ಯಾರಾದರೂ ಎದ್ದು ಹೋದರೆ ನೆರಳು. ಅದನ್ನೆಲ್ಲ ಮಡಚಿ ಒಂದೇ ಡಬ್ಬಿಗೆ ತುಂಬಿ ಎಂಬತ್ತರ ದಶಕದಲ್ಲಿ ಮನೆಮನೆಗೆ ಮಾರಿದ್ದು ಹೆಚ್ಚಾಗಿ ಜಪಾನೀಯರು.

ನಾನು ಈ ಕಥೆಗೆ ಸೇರುವುದು 2005ರ ಜನವರಿಯಲ್ಲಿ. ಊರು ಟೆಕ್ಸಾಸ್‌ನ ರಿಚರ್ಡ್‌ಸನ್, ಡಲ್ಲಾಸ್ ಪಕ್ಕ. ಅಪ್ಪ ಅಮ್ಮ ಮೊದಲ ಸಲ ಬರುವವರಿದ್ದರು, ಆರು ತಿಂಗಳಿಗೆ. ನಮ್ಮಲ್ಲಿದ್ದದ್ದು ಯಾರೋ ಊರು ಬಿಟ್ಟು ಹೋಗುವಾಗ ಕೊಟ್ಟಿದ್ದ 19 ಇಂಚಿನ ಟೀವಿ. ಅಪ್ಪನಿಗೆ ಶುಗರ್, ಕಣ್ಣು ಮಂಜು. ಅದರಲ್ಲಿ ಸ್ಕೋರ್ ಓದಲಾಗುವುದಿಲ್ಲ ಅಂತ ಗೊತ್ತಿತ್ತು. ಮಾರ್ಚ್-ಏಪ್ರಿಲ್‌ನಲ್ಲಿ ಪಾಕಿಸ್ತಾನ ತಂಡ ಭಾರತಕ್ಕೆ ಬರುವುದಿತ್ತು. ಹೆಂಡತಿ ಲೆಕ್ಕ ಹಾಕಿ ಹೇಳಿದಳು: ಟಿಕೆಟ್ಟು, ಇಬ್ಬರ ಇನ್ಶೂರೆನ್ಸು ಎಲ್ಲ ಕಳೆದು ಟೀವಿಗೆ 1,500 ಡಾಲರ್. "ಒಂದು ರೂಪಾಯಿ ಜಾಸ್ತಿ ಇಲ್ಲ, ನೋಡಿ." ಅವಳು ದುಡ್ಡಿನ ವಿಷಯ ಬಂದಾಗ ಇಂದಿಗೂ ರೂಪಾಯಿಯಲ್ಲೇ ಬೈಯುವುದು.

ಸೂಪರ್ ಬೌಲ್‌ಗೆ ಮುಂಚಿನ ವಾರಗಳಲ್ಲಿ ಇಲ್ಲಿ ಟೀವಿ ಅಂಗಡಿಗಳು ಜಾತ್ರೆ ಇದ್ದ ಹಾಗೆ. ನಾಲ್ಕು ಶನಿವಾರ ಅಲೆದೆ. 42 ಇಂಚಿನ ಪ್ಲಾಸ್ಮಾ ನಾಲ್ಕು ಸಾವಿರದ ಆಸುಪಾಸು, ಅದರ ಮುಂದೆ ನಿಂತು ಕೈಕಟ್ಟಿ ನೋಡಿ ಮುಂದೆ ಹೋಗುವುದು. ಆಮೇಲೆ ಡಿಎಲ್‌ಪಿ, 50 ಇಂಚು, ಎರಡೂವರೆ ಮೂರು ಸಾವಿರ. ಇದೂ ಹಿಂದಿನಿಂದ ಬೆಳಕು ಬಿಡುವ ಪೆಟ್ಟಿಗೆಯೇ, ಆದರೆ ಟ್ಯೂಬಿನ ಬದಲು ಒಂದು ದೀಪ ಮತ್ತು ಬೆರಳುಗುರಿನಷ್ಟು ದೊಡ್ಡ ಚಿಪ್ಪು. ಚಿಪ್ಪಿನ ಮೇಲೆ ಒಂಬತ್ತು ಲಕ್ಷಕ್ಕೂ ಹೆಚ್ಚು ಪುಟಾಣಿ ಕನ್ನಡಿಗಳು. ಪ್ರತಿಯೊಂದೂ ಸೆಕೆಂಡಿಗೆ ಸಾವಿರಾರು ಸಲ ಆಚೆ ಈಚೆ ವಾಲುತ್ತದೆ. ಈಚೆ ವಾಲಿದರೆ ಬೆಳಕು, ಆಚೆ ವಾಲಿದರೆ ಕತ್ತಲೆ. ಬಣ್ಣಕ್ಕೆ ಗರಗರ ತಿರುಗುವ ಒಂದು ಚಕ್ರ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದದ್ದು, ನಾನು ಬಾಡಿಗೆಗಿದ್ದ ಜಾಗದ ಪಕ್ಕದ ಡಲ್ಲಾಸಿನಲ್ಲೇ. (ಇದೇ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದದ್ದು, ಅದರ ಡಿಶ್ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂದದ್ದು ನೀವೆಲ್ಲ ಕೇಳಿದ ಕಥೆ.) ನಮ್ಮೂರಿನ ಸರಕು ಅನ್ನುವ ಅಭಿಮಾನ ಇತ್ತು, ಜೇಬು ಒಪ್ಪಲಿಲ್ಲ. ಅದರ ದೀಪ ಕೆಲವು ಸಾವಿರ ಗಂಟೆಗೆ ಸುಟ್ಟುಹೋಗುತ್ತದೆ, ಹೊಸದಕ್ಕೆ ಇನ್ನೂರು ಮುನ್ನೂರು ಡಾಲರ್ ಬೇರೆ.

ಉಳಿದದ್ದು ಮೂರು ಟ್ಯೂಬಿನ ಹಳೇ ಜಾತಿಯದು. 51 ಇಂಚು, 1,400 ಡಾಲರ್. 90 ಕಿಲೋ ತೂಕ.

ಅಂಗಡಿ ಹುಡುಗ ಅದನ್ನು ಮಾರುವ ಉಮೇದಿನಲ್ಲೇ ಇರಲಿಲ್ಲ. ಡಿಎಲ್‌ಪಿಗಳನ್ನು ಎದುರಿನ ಸಾಲಿನಲ್ಲಿ ಹೈ ಡೆಫಿನಿಷನ್ ಹೂವು, ಚಿಟ್ಟೆ ತೋರಿಸಿ ಮಿಂಚಿಸಿದ್ದರು. ಇದನ್ನು ಮಾತ್ರ ಟ್ಯೂಬ್‌ಲೈಟಿನ ಕೆಳಗೆ, ಮೂರೂ ಬಣ್ಣ ಸರಿಯಾಗಿ ಕೂಡದ ಸ್ಥಿತಿಯಲ್ಲಿ ಬಿಟ್ಟಿದ್ದರು. ಆದರೆ ನಾನು ಮನೆಯಿಂದ ಕ್ರಿಕೆಟ್ಟಿನ ಹಳೇ ವೀಡಿಯೋ ಕ್ಯಾಸೆಟ್ ಒಂದನ್ನು ಹಿಡಿದುಕೊಂಡು ಹೋಗಿದ್ದೆ. ಎರಡರಲ್ಲೂ ಹಾಕಿಸಿ ನೋಡಿದೆ. ಮೂರು ಸಾವಿರದ ಟೀವಿಯಲ್ಲಿ ಹುಲ್ಲು ರವೆ ಉಪ್ಪಿಟ್ಟಿನ ಹಾಗೆ ಕಾಣುತ್ತಿತ್ತು, ಚೆಂಡು ಅದರಲ್ಲೇ ಕಳೆದುಹೋಗುತ್ತಿತ್ತು. ಹಳೇ ಟ್ಯೂಬಿನದರಲ್ಲಿ ಮಂಜು ಮಂಜಾದರೂ ಚೆಂಡು ಚೆಂಡೇ. ನಮಗೆ ಡಿಶ್ಶಿನಲ್ಲಿ ಬರುತ್ತಿದ್ದ ಕ್ರಿಕೆಟ್ ಸಾಧಾರಣ ದರ್ಜೆಯ ಸಿಗ್ನಲ್ಲು. ಬರುವುದೇ ಅಷ್ಟಾದ ಮೇಲೆ ಪರದೆಗೆ ಎಷ್ಟು ದುಡ್ಡು ಸುರಿದರೂ ಅಷ್ಟೆ. ಆವತ್ತು ತೀರ್ಮಾನ ಆಯಿತು. ಈಗಲೂ ಅದು ಸರಿಯಾದ ತೀರ್ಮಾನವೇ ಅನ್ನುತ್ತೇನೆ.

ಸಾಮಾನು ಬಂತು. ಎರಡನೇ ಮಹಡಿಗೆ ನಾಲ್ಕು ಜನ ಹೊತ್ತೆವು. ಅದರಲ್ಲೊಬ್ಬ ತೆಲುಗು ಗೆಳೆಯ ಇಂದಿಗೂ ಸೊಂಟ ಹಿಡಿದಾಗಲೆಲ್ಲ ನನಗೆ ಫೋನ್ ಮಾಡುತ್ತಾನೆ. ಆಮೇಲೆ ಕನ್ವರ್ಜೆನ್ಸ್ ಎಂಬ ಪೂಜೆ. ಕೆಂಪು, ಹಸಿರು, ನೀಲಿ ಮೂರು ಟ್ಯೂಬಿನ ಮೂರು ಚಿತ್ರ ಒಂದರ ಮೇಲೊಂದು ತಲೆಕೂದಲಷ್ಟೂ ತಪ್ಪದೆ ಕೂಡಬೇಕು. ತಪ್ಪಿದರೆ ಅಂಪೈರಿಗೆ ಕೆಂಪು ಅಂಚು. ಟೀವಿ ಅರ್ಧ ಗಂಟೆ ಬಿಸಿಯಾದ ಮೇಲೆ, ಪರದೆಯ ಮೇಲೆ ಗೆರೆಗಳ ಬಲೆ ತರಿಸಿ, ಒಂದೊಂದೇ ಗಂಟನ್ನು ರಿಮೋಟಿನಿಂದ ಜರುಗಿಸುವುದು. ಸ್ಕೋರಿನ ಪಟ್ಟಿ ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಟ್ಯೂಬಿನ ಮೇಲೆ ಅದರ ಗುರುತು ಖಾಯಂ ಕೂತುಬಿಡುವ ಭಯ ಬೇರೆ. ಅದಕ್ಕೇ ಬ್ರೈಟ್‌ನೆಸ್ ಅರ್ಧಕ್ಕಿಳಿಸಿಟ್ಟೆ.

ಫೆಬ್ರವರಿ ಕೊನೆಗೆ ಬಂದ ಅಪ್ಪ ಬಾಗಿಲಲ್ಲೇ ನಿಂತರು. "ಇದೇನೋ ತಮ್ಮಾ, ಟೀವಿ ತಂದಿಯೋ ಕಪಾಟ ತಂದಿಯೋ?"

ಇಲ್ಲಿ ಅಪ್ಪನ ಟೀವಿ ಚರಿತ್ರೆ ಸ್ವಲ್ಪ ಹೇಳಬೇಕು. ಅವರು ರಾಯಚೂರು ಜಿಲ್ಲೆಯ ಒಂದು ಹಳ್ಳಿ ಶಾಲೆಯ ಮಾಸ್ತರು. 1975ರ ಆಗಸ್ಟ್ 1ರಿಂದ ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕೆ ಕಡ ಕೊಟ್ಟಿತ್ತು. ಸೈಟ್ ಅಂತ ಅದರ ಹೆಸರು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಒಂದೊಂದು ಟೀವಿ, ಕೋಳಿ ಬಲೆಯ ತಂತಿಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ. ಕರ್ನಾಟಕದ ಪಾಲು ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬರಲು ಇನ್ನೂ ಆರು ವರ್ಷ ಇತ್ತು, ಅಷ್ಟರಲ್ಲೇ ಬರದ ನಾಡಿನ ಆ ಹಳ್ಳಿಗಳು ಆಕಾಶದಿಂದ ಟೀವಿ ನೋಡಿಬಿಟ್ಟವು! ನಮ್ಮೂರಲ್ಲಿ ಅದರ ಕೀಲಿಕೈ ಅಪ್ಪನ ಹತ್ತಿರ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರಿಗೆ. ಒಕ್ಕಲುತನ, ದನಕರು, ಕುಟುಂಬ ಯೋಜನೆ, ಸುದ್ದಿ. ಶಾಲೆಯ ಮುಂದಿನ ಬಯಲಲ್ಲಿ ಇಡೀ ಊರು ನೆಲದ ಮೇಲೆ ಕೂತು, ಬಾಗಿಲಲ್ಲಿಟ್ಟ ಆ ಒಂದು ಸಣ್ಣ ಪರದೆ ನೋಡುತ್ತಿತ್ತಂತೆ. ಹಿಂದಿದ್ದವರಿಗೆ ಬರೀ ಬೆಳಕು ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ನನಗಾಗ ಮೂರು ವರ್ಷ, ಏನೂ ನೆನಪಿಲ್ಲ. 1976ರ ಜುಲೈ 31ಕ್ಕೆ ವರ್ಷ ಮುಗಿಯಿತು, ಉಪಗ್ರಹವನ್ನು ಬೇರೆ ಕಡೆ ಜರುಗಿಸಿದರು. ಮರುದಿನ ಸಂಜೆ ಹೊಲದಿಂದ ಬಂದ ಜನ ಬಯಲಲ್ಲಿ ಕೂತೇ ಇದ್ದರಂತೆ. ಪರದೆಯಲ್ಲಿ ಬರೀ ಚುಕ್ಕಿ. "ಮಾಸ್ತರು ಕೆಡಿಸ್ಯಾರ ಅಂತ ಒಂದ್ ವರ್ಷ ಬೈದರು" ಅಂತ ಅಪ್ಪ ನಗುತ್ತಾ ಹೇಳುತ್ತಿದ್ದರು.

ಇಂಥ ಮನುಷ್ಯನನ್ನು ನಾನು ಸೋಫಾದ ಮೇಲೆ ಕೂರಿಸಿದೆ. ಕೂತರು. ರಾತ್ರಿ ಹತ್ತೂವರೆಗೆ ಮ್ಯಾಚು ಶುರು, ಬೆಳಗಿನ ಜಾವಕ್ಕೆ ಮುಗಿತಾಯ. ಏಪ್ರಿಲ್ 5ರ ವಿಶಾಖಪಟ್ಟಣದ ಮ್ಯಾಚು, ಧೋನಿ ಎಂಬ ಉದ್ದಗೂದಲ ಹುಡುಗ 148 ಹೊಡೆದದ್ದು. ಧೋನಿ ತೊಂಬತ್ತು ದಾಟುವ ಹೊತ್ತಿಗೆ ನಾನು ನೀರಿಗೆ ಎದ್ದು ಹೋಗಿ ಬರುತ್ತೇನೆ, ಅಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ, ಗದ್ದ ಮೇಲೆತ್ತಿಕೊಂಡು. ಕಾಲು ಇಳಿಬಿಟ್ಟು ಕೂತೂ ಕೂತೂ ಪಾದ ಬಾತಿತ್ತು. ಒಂದು ತಿಂಗಳಿಂದ ಹೇಳಿಯೇ ಇರಲಿಲ್ಲ. "ಅಪ್ಪಾ, ಅಲ್ಲಿಂದ ಕಾಣ್ತದೇನ್ರಿ?" ಅಂದೆ. "ಕಾಣ್ತದ ಬಿಡೋ. ಒಂಚೂರು ಕತ್ತಲ ಅದ, ಅಷ್ಟ." ಪಕ್ಕ ಕೂತು ನೋಡಿದೆ. ಧೋನಿ ಸಂಜೆಗತ್ತಲಲ್ಲಿ ಆಡುತ್ತಿದ್ದ ಹಾಗಿತ್ತು.

ಯಾಕೆ ಹೀಗೆ ಅಂತ ಆಮೇಲೆ ಹುಡುಕಿದೆ. ಪರದೆಯ ಒಳಮೈಗೆ ಒಂದು ಫ್ರೆನೆಲ್ ಹಾಳೆ ಇರುತ್ತದೆ, ಉಂಗುರ ಉಂಗುರವಾಗಿ ಕೊರೆದ ಮಸೂರ. ಆಗಸ್ಟೀನ್ ಫ್ರೆನೆಲ್ ಎಂಬ ಫ್ರೆಂಚ್ ಇಂಜಿನಿಯರ್ ದೀಪಸ್ತಂಭದ ಬೆಳಕನ್ನು ಚೆದುರದಂತೆ ಹಡಗಿನ ಕಡೆಗೇ ಕಳಿಸಲು ಮಾಡಿದ್ದು, 1823ರಲ್ಲಿ ಫ್ರಾನ್ಸಿನ ಕೋರ್ದುವಾನ್ ದೀಪಸ್ತಂಭದಲ್ಲಿ ಹಚ್ಚಿದ್ದು. ಅದರ ಮುಂದೆ ಉದ್ದುದ್ದ ಗೆರೆಗಳ ಇನ್ನೊಂದು ಹಾಳೆ, ಅದು ಬೆಳಕನ್ನು ಎಡಕ್ಕೂ ಬಲಕ್ಕೂ ಹರಡುತ್ತದೆ. ಮೇಲಕ್ಕೂ ಕೆಳಕ್ಕೂ ಹರಡುವುದು ಬಹಳ ಕಮ್ಮಿ. ಇರುವ ಸ್ವಲ್ಪ ಬೆಳಕನ್ನು ಸೂರಿಗೂ ನೆಲಕ್ಕೂ ಯಾಕೆ ಚೆಲ್ಲಬೇಕು, ಎಲ್ಲರೂ ಸೋಫಾದ ಮೇಲೇ ಕೂತಿರುತ್ತಾರಲ್ಲ, ಅನ್ನುವ ಲೆಕ್ಕ. ಜಾಣ ಲೆಕ್ಕವೇ. ನಾಲ್ಕು ಶನಿವಾರ ನಾನು ಅಂಗಡಿಗಳಲ್ಲಿ ಅಲೆದಾಗ ಎಡದಿಂದ ನೋಡಿದೆ, ಬಲದಿಂದ ನೋಡಿದೆ, ಹತ್ತಿರದಿಂದ ದೂರದಿಂದ ನೋಡಿದೆ. ಒಂದು ಸಲವೂ ನೆಲದ ಮೇಲೆ ಕೂತು ನೋಡಲಿಲ್ಲ.

ಪರಿಹಾರ ಮಾಸ್ತರೇ ಕಂಡುಹಿಡಿದರು. "ಪೆಟಗಿ ಒಂಚೂರು ಬಗ್ಸೋ, ಹಿಂದ ಏನರ ಇಡು." ಇಡಲು ಏನಿದೆ? ಬಾಗಿಲ ಬಳಿ ಯಾರೂ ಬಿಚ್ಚದ ಹಳದಿ ಟೆಲಿಫೋನ್ ಡೈರೆಕ್ಟರಿಗಳು ಬಿದ್ದಿದ್ದವು, ವರ್ಷವರ್ಷ ಪುಕ್ಕಟೆ ತಂದು ಹಾಕಿ ಹೋಗುವಂಥವು. ತೆಲುಗು ಗೆಳೆಯನನ್ನು ಮತ್ತೆ ಕರೆದೆ. ಪೆಟ್ಟಿಗೆಯ ಹಿಂಭಾಗ ಎತ್ತಿ, ಹಿಂದಿನ ಎರಡು ಗಾಲಿಗಳ ಕೆಳಗೆ ಒಂದೊಂದು ಡೈರೆಕ್ಟರಿ ತಳ್ಳಿದೆವು. ಅಪ್ಪ ಚಾಪೆಯ ಮೇಲಿಂದ ಕೈಯಾಡಿಸಿ ಹೇಳುತ್ತಿದ್ದರು, ಇನ್ನೊಂಚೂರು, ಇನ್ನೊಂಚೂರು, ಸಾಕ್ ಸಾಕ್. ಕೋಳಿ ಬಲೆಯ ಆಂಟೆನಾ ತಿರುಗಿಸುವಾಗಲೂ ಹೀಗೇ ಹೇಳುತ್ತಿದ್ದಿರಬೇಕು. ಧೋನಿಯ ಮೈದಾನಕ್ಕೆ ಬಿಸಿಲು ಬಂತು.

ಆಗಸ್ಟಿನಲ್ಲಿ ಅವರು ಹೊರಟರು. ಮುಂದಿನ ನಾಲ್ಕೇ ವರ್ಷದಲ್ಲಿ ಚಪ್ಪಟೆ ಟೀವಿಗಳ ಬೆಲೆ ನನ್ನ ಪೆಟ್ಟಿಗೆಗಿಂತ ಕೆಳಗಿಳಿಯಿತು. 2009ರ ಜೂನ್ 12ಕ್ಕೆ ಅಮೆರಿಕದಲ್ಲಿ ಹಳೇ ಅನಲಾಗ್ ಪ್ರಸಾರ ನಿಂತಿತು. ಟ್ಯೂನರ್ ಇಲ್ಲದ ನನ್ನ ಟೀವಿಗೆ ಅದರಿಂದ ಏನೂ ಆಗಲಿಲ್ಲ, ಡಿಶ್ ಇತ್ತಲ್ಲ. ಅಪ್ಪ ಇನ್ನೊಮ್ಮೆ ಬರಲಿಲ್ಲ, 2010ರಲ್ಲಿ ತೀರಿಕೊಂಡರು.

2013ರ ಜನವರಿಯಲ್ಲಿ ಪೆಟ್ಟಿಗೆ ಪುಕ್ಕಟೆ ಕೊಡುತ್ತೇನೆಂದರೂ ಯಾರೂ ಬರಲಿಲ್ಲ. ಹಳೇ ಸಾಮಾನು ತೆಗೆದುಕೊಳ್ಳುವ ಧರ್ಮದ ಅಂಗಡಿಯವರು ಫೋನಿನಲ್ಲೇ ಬೇಡ ಅಂದರು. ಕೊನೆಗೆ ಕಾಲೇಜು ಓದುವ ಒಬ್ಬ ಹುಡುಗ ಫ್ರೆನೆಲ್ ಹಾಳೆಗೆಂದು ಬಂದ, ಬಿಸಿಲು ಒಟ್ಟುಮಾಡಿ ಒಲೆ ಮಾಡುತ್ತಾನಂತೆ. ಪರದೆ ಬಿಚ್ಚಿಕೊಂಡು ಹೋದ. ಉಳಿದದ್ದನ್ನು ಎಳೆದಾಗ ಕಾರ್ಪೆಟ್ಟಿನ ಮೇಲೆ ಎರಡು ಡೈರೆಕ್ಟರಿ ಹಾಗೇ ಇದ್ದವು, ಗಾಲಿ ಕೂತ ಜಾಗದಲ್ಲಿ ಎರಡಿಂಚು ಆಳದ ಗುಳಿ. ಹೆಂಡತಿ ಅವನ್ನು ಎತ್ತಿ ಕಸಕ್ಕೆ ಹಾಕಲು ಹೋದಳು. ಇರಲಿ ಬಿಡು, ಅಂದೆ.