ರಿವಾರ್ಡ್ ಪಾಯಿಂಟ್ ಪ್ರಯಾಣ ಮತ್ತು ಸದಸ್ಯತ್ವ ದರ್ಜೆ

ವಿಮಾನಯಾನ ಸಂಸ್ಥೆಗಳೂ ಹೋಟೆಲ್ ಸಮೂಹಗಳೂ ತಮ್ಮ ಕಾಯಂ ಗ್ರಾಹಕರಿಗೆ ರಿವಾರ್ಡ್ ಪಾಯಿಂಟ್‌ಗಳ ಜೊತೆಗೆ ಸಿಲ್ವರ್, ಗೋಲ್ಡ್, ಪ್ಲಾಟಿನಂ ಮೊದಲಾದ ಸದಸ್ಯತ್ವ ದರ್ಜೆಗಳನ್ನು ನೀಡುತ್ತವೆ. ಪಾಯಿಂಟ್ ಕೊಟ್ಟು ಪಡೆದ ಟಿಕೆಟ್ ಅಥವಾ ಕೊಠಡಿಯನ್ನು ದರ್ಜೆಯ ಲೆಕ್ಕಕ್ಕೆ ಸೇರಿಸುವ ನಿಯಮವು ಸಂಸ್ಥೆಯಿಂದ ಸಂಸ್ಥೆಗೆ ಭಿನ್ನವಾಗಿದೆ.

ಎರಡು ಲೆಕ್ಕಗಳು

ರಿವಾರ್ಡ್ ಪಾಯಿಂಟ್ ಬಳಸಿದಂತೆ ಕರಗುತ್ತದೆ. ದರ್ಜೆಯ ಅಂಕವನ್ನು ಖರ್ಚು ಮಾಡಲಾಗದು. ಸಾಮಾನ್ಯವಾಗಿ ಒಂದು ವರ್ಷದಲ್ಲಿ ಕೂಡಿದ ಅಂಕಗಳ ಮೇಲೆ ದರ್ಜೆ ನಿರ್ಧಾರವಾಗುತ್ತದೆ. ಆದ್ದರಿಂದ ಪಾಯಿಂಟ್‌ಗಳಿಂದಲೇ ಪ್ರಯಾಣಿಸಿದವರು ಹೆಚ್ಚುವರಿ ಲಗೇಜು, ಲೌಂಜ್ ಪ್ರವೇಶದಂತಹ ಸೌಲಭ್ಯಗಳನ್ನು ಮುಂದಿನ ವರ್ಷ ಕಳೆದುಕೊಳ್ಳುವ ಸಾಧ್ಯತೆಯಿದೆ.

ನಿಯಮಗಳು

ಬಹಳಷ್ಟು ವಿಮಾನಯಾನ ಸಂಸ್ಥೆಗಳು ಇಂತಹ ಟಿಕೆಟ್‌ಗಳಿಗೆ ದರ್ಜೆಯ ಅಂಕ ನೀಡುವುದಿಲ್ಲ. ಅಮೆರಿಕದ ಡೆಲ್ಟಾ ಸಂಸ್ಥೆಯು 2021ರಿಂದ ಇವನ್ನೂ ಪರಿಗಣಿಸುತ್ತಿದೆ; 2024ರಿಂದ ಬಳಸಿದ ಪ್ರತಿ 100 ಮೈಲಿಗೆ ದರ್ಜೆಯ ಲೆಕ್ಕದ 1 ಡಾಲರ್ ದೊರೆಯುತ್ತದೆ. ಬೆಂಗಳೂರಿನಲ್ಲಿಯೂ ಹೋಟೆಲ್‌ಗಳಿರುವ ಮ್ಯಾರಿಯಟ್, ಹಯಾಟ್ ಹಾಗೂ ಹಿಲ್ಟನ್ ಸಮೂಹಗಳು ಪಾಯಿಂಟ್‌ಗಳಿಂದ ತಂಗಿದ ರಾತ್ರಿಗಳನ್ನೂ ದರ್ಜೆಗೆ ಎಣಿಸುತ್ತವೆ.

ಭಾರತದಲ್ಲಿ

ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿ 'ಕಿಂಗ್ ಕ್ಲಬ್' ಯೋಜನೆಯನ್ನು ನಡೆಸಿತು. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಾಗ ಅದರ ದರ್ಜೆಗಳಿಗೆ ಬೆಲೆಯಿಲ್ಲದಂತಾಯಿತು. ಇದಕ್ಕೆ ಭಿನ್ನವಾಗಿ, 2024ರ ನವೆಂಬರ್ 12ರಂದು ವಿಸ್ತಾರ ಸಂಸ್ಥೆಯು ಏರ್ ಇಂಡಿಯಾದಲ್ಲಿ ವಿಲೀನಗೊಂಡಾಗ 'ಕ್ಲಬ್ ವಿಸ್ತಾರ' ಸದಸ್ಯರನ್ನು ಏರ್ ಇಂಡಿಯಾದ ಯೋಜನೆಗೆ ವರ್ಗಾಯಿಸಲಾಯಿತು. ಏರ್ ಇಂಡಿಯಾ 2024ರ ಏಪ್ರಿಲ್‌ನಲ್ಲಿಯೇ ಹಾರಿದ ದೂರದ ಬದಲು ಟಿಕೆಟ್‌ಗೆ ತೆತ್ತ ಹಣವನ್ನು ಪಾಯಿಂಟ್ ಗಳಿಕೆಯ ಆಧಾರವಾಗಿಸಿತ್ತು.

ನಿಯಮಗಳು ಆಗಾಗ ಬದಲಾಗುವುದರಿಂದ, ದರ್ಜೆಗೆ ಅಂಕಗಳು ಕೊರತೆಯಿರುವ ವರ್ಷದಲ್ಲಿ ಟಿಕೆಟ್ ಕಾಯ್ದಿರಿಸುವ ಮೊದಲೇ ಆಯಾ ಸಂಸ್ಥೆಯ ಷರತ್ತುಗಳನ್ನು ಪರಿಶೀಲಿಸುವುದು ಅಗತ್ಯ.