ಹಣ್ಣುನೊಣದ ಆನುವಂಶಿಕ ವೈವಿಧ್ಯ: ವಸಂತಪುರದಿಂದ ಶ್ರೀನಿವಾಸಪುರದವರೆಗೆ ಮಾದರಿ ಸಂಗ್ರಹದ ಪ್ರಶ್ನೆ

ಸಾರಾಂಶ: ಮಾವು, ಸೀಬೆಗಳನ್ನು ಕಾಡುವ ಹಣ್ಣುನೊಣ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್‌ನ ಪ್ರಾದೇಶಿಕ ಸಮುದಾಯಗಳನ್ನು ಹೋಲಿಸುವಾಗ ಫಲಿತಾಂಶದ ಬೆಲೆ ಮಾದರಿ ಸಂಗ್ರಹವನ್ನೇ ಅವಲಂಬಿಸಿದೆ ಎಂಬುದು ಈ ಲೇಖನದ ವಾದ.

ಹಿನ್ನೆಲೆ: 1912ರಲ್ಲಿ ಕೀಟಶಾಸ್ತ್ರಜ್ಞ ಹೆಂಡೆಲ್ ತೈವಾನಿನ ಮಾದರಿಗಳಿಂದ ಈ ಪ್ರಭೇದವನ್ನು ವಿವರಿಸಿದರು. 2003ರಲ್ಲಿ ಕೀನ್ಯಾದಲ್ಲಿ ಪತ್ತೆಯಾದ ನೊಣಕ್ಕೆ 2005ರಲ್ಲಿ ಬ್ಯಾಕ್ಟ್ರೊಸೆರಾ ಇನ್ವೇಡೆನ್ಸ್ ಎಂಬ ಹೆಸರಿಡಲಾಯಿತು. ದೇಹರಚನೆ, ಸಂಕರ ಪ್ರಯೋಗ, ಡಿಎನ್‌ಎ ಪುರಾವೆಗಳನ್ನು ಒಟ್ಟಿಗೆ ತೂಗಿದ ಮೇಲೆ 2015ರಲ್ಲಿ ಅದನ್ನು ಡಾರ್ಸಾಲಿಸ್‌ನಲ್ಲೇ ಸೇರಿಸಲಾಯಿತು. ಒಂದೇ ಪ್ರಭೇದದೊಳಗಿನ ಬಣ್ಣದ ವ್ಯತ್ಯಾಸ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ದಕ್ಷಿಣ ಭಾರತದಲ್ಲಿ ಡಾರ್ಸಾಲಿಸ್ ಅನ್ನೇ ಹೋಲುವ ಬ್ಯಾಕ್ಟ್ರೊಸೆರಾ ಕ್ಯಾರಿಯೆ ಕೂಡ ಇರುವುದರಿಂದ ಪ್ರಭೇದ ನಿರ್ಣಯವೇ ಮೊದಲ ಹೆಜ್ಜೆಯಾಗಬೇಕು.

ಮಾದರಿ ಸಂಗ್ರಹ: ಮಿಥೈಲ್ ಯೂಜಿನಾಲ್ ಎಂಬ ಆಕರ್ಷಕ ವಸ್ತುವಿನ ಬಲೆಗೆ ಬೀಳುವುದು ಬಹುಪಾಲು ಗಂಡುನೊಣಗಳು. ಅವುಗಳ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯ ವಂಶವನ್ನು ಹೇಳುತ್ತದೆ. ಆದರೆ ಹಾರಿಬಂದ ನೊಣ ಯಾವ ತೋಟದಲ್ಲಿ ಹುಟ್ಟಿತೆಂದು ಬಲೆ ಹೇಳಲಾರದು. ಆದ್ದರಿಂದ ವಸಂತಪುರದ ಮನೆಯಂಗಳದ ಸೀಬೆ, ರಾಮನಗರ ಮತ್ತು ಶ್ರೀನಿವಾಸಪುರದ ಮಾವಿನ ತೋಟಗಳಿಂದ ಹುಳುಬಿದ್ದ ಹಣ್ಣು ತಂದು ನೊಣಗಳನ್ನು ಹೊರಬರಿಸುವುದು ಮೇಲು. ಮಾರುಕಟ್ಟೆಯ ಹಣ್ಣು ಬೇಡ. ಅದರ ಊರು ತಿಳಿಯದು. ಒಂದೇ ಹಣ್ಣಿನ ಹುಳುಗಳು ಒಡಹುಟ್ಟಿದವಾಗಿರಬಹುದಾದ್ದರಿಂದ ಹಣ್ಣಿಗೊಂದೇ ನೊಣವನ್ನು ವಿಶ್ಲೇಷಣೆಗೆ ಆರಿಸಬೇಕು. ತಂದೆ-ತಾಯಿ ಇಬ್ಬರಿಂದಲೂ ಬರುವ ಮೈಕ್ರೊಸ್ಯಾಟಲೈಟ್ ಗುರುತುಗಳನ್ನು ಜೊತೆಗೆ ಪರೀಕ್ಷಿಸದಿದ್ದರೆ ಚಿತ್ರ ಅರ್ಧವೇ ಉಳಿಯುತ್ತದೆ.

ಚರ್ಚೆ: ಮೊಟ್ಟೆ, ಹುಳುಗಳನ್ನು ಒಳಗಿಟ್ಟುಕೊಂಡೇ ಹಣ್ಣು ಲಾರಿಯೇರಿ ಜಿಲ್ಲೆ ದಾಟುತ್ತದೆ. ಹೀಗಾಗಿ ಎರಡು ಊರುಗಳ ನೊಣಗಳಲ್ಲಿ ಆನುವಂಶಿಕ ಅಂತರ ಕಾಣದಿದ್ದರೆ, ಅವು ಹಾರಿ ಬೆರೆತವೋ ಸಾಗಣೆಯಿಂದ ಬೆರೆತವೋ ಎಂದು ಬಿಡಿಸಿ ನೋಡಬೇಕು. ರಸ್ತೆದೂರ, ವ್ಯಾಪಾರದ ದಾರಿ, ಹಂಗಾಮು ಇವುಗಳ ದಾಖಲೆ ಡಿಎನ್‌ಎ ಜೊತೆಗೇ ಇರಬೇಕು. ಅಂತರ ಕಡಿಮೆಯೆಂದಷ್ಟೇ ಕಂಡು ಇಂದೂ ನೊಣಗಳ ಸಂಚಾರವಿದೆ ಎನ್ನುವುದು ಅವಸರ. ಹಳೆಯ ಸಾಮಾನ್ಯ ಮೂಲವೂ ಅದೇ ಫಲಿತಾಂಶ ಕೊಡಬಲ್ಲದು.

ಉಪಸಂಹಾರ: ಹಣ್ಣುನೊಣದ ಕಾರಣಕ್ಕೆ 2014ರ ಮೇ ತಿಂಗಳಿಂದ ಐರೋಪ್ಯ ಒಕ್ಕೂಟ ಭಾರತದ ಮಾವಿಗೆ ಬಾಗಿಲು ಮುಚ್ಚಿತ್ತು; ನಿಷೇಧ ತೆರವಾದದ್ದು 2015ರಲ್ಲಿ. ನಷ್ಟ ಬೆಳೆಗಾರನದು, ಪರಿಹಾರ ಮಾತ್ರ ಒಬ್ಬನ ಕೈಯಲ್ಲಿಲ್ಲ. ಸಮುದಾಯಗಳು ಬೆರೆಯುತ್ತಿವೆಯೆಂದು ಸಾಬೀತಾದ ಕಡೆ ಬಲೆ ಕಟ್ಟುವುದು, ಉದುರಿದ ಹಣ್ಣನ್ನು ಆಳವಾಗಿ ಹೂಳುವುದು ಇಡೀ ಪ್ರದೇಶದಲ್ಲಿ ಒಂದೇ ಹಂಗಾಮಿನಲ್ಲಿ ನಡೆಯಬೇಕು. ಆ ಪ್ರದೇಶದ ಗಡಿಯನ್ನು ಪುರಾವೆಯ ಮೇಲೆ ಗುರುತಿಸಿಕೊಡುವುದೇ ಆನುವಂಶಿಕ ಅಧ್ಯಯನ ರೈತನಿಗೆ ಸಲ್ಲಿಸಬೇಕಾದ ಸೇವೆ.