ಚದುರಂಗದ ಕಾಳಗ: ಕಲ್ಯಾಣದಿಂದ ಕಲ್ಯಾಣದವರೆಗೆ

ತಿದ್ದುಪಡಿಯಿಲ್ಲದೆ ಯಾವ ಕಾಯಿದೆಯೂ ಬಹುಕಾಲ ಬಾಳುವುದಿಲ್ಲವೆಂಬುದು ಸರಕಾರಿ ಕಚೇರಿಯಲ್ಲಿ ಕಡತ ತಿರುವುವ ನಮ್ಮಂಥವರಿಗೆ ಹೊಸ ಸಂಗತಿಯೇನಲ್ಲ. ಈ ಮಾತು ಆಟಗಳಿಗೂ ಸಲ್ಲುತ್ತದೆ. ಚದುರಂಗವನ್ನೇ ತೆಗೆದುಕೊಳ್ಳಿ. ಸುಮಾರು ಹದಿನಾಲ್ಕು ಶತಮಾನಗಳಿಂದ ಅದರ ಹಲಗೆಯ 64 ಮನೆಗಳು ಹಾಗೆಯೇ ಇವೆ. ಆ ಮನೆಗಳ ಮೇಲೆ ನಡೆಯುವ ಯುದ್ಧ ಮಾತ್ರ ಮತ್ತೆ ಮತ್ತೆ ಬದಲಾಗಿದೆ.

ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದಲೇ ಆಟಕ್ಕೆ ಈ ಹೆಸರು. ಏಳನೆಯ ಶತಮಾನದ ಬಾಣಭಟ್ಟನ 'ಹರ್ಷಚರಿತ'ದಲ್ಲಿ ಅದರ ಪ್ರಸ್ತಾಪವಿದೆ. ಕ್ರಿ.ಶ. 1030ರ ಸುಮಾರಿಗೆ ಅಲ್‌ಬೆರೂನಿ ವರ್ಣಿಸಿದ್ದು ದಾಳ ಉರುಳಿಸಿ ನಾಲ್ವರು ಆಡುವ ಚದುರಂಗವನ್ನು. ಅವನ ಪ್ರಕಾರ ಇಲ್ಲಿನವರ ಸಾಮಾನ್ಯ ಚದುರಂಗದಲ್ಲಿ ಆನೆ ಮುಂದಕ್ಕೊಂದು ಮನೆ, ನಾಲ್ಕು ಮೂಲೆಗಳಿಗೆ ಒಂದೊಂದು ಮನೆ ನಡೆಯುತ್ತಿತ್ತು. ನಾಲ್ಕು ಕಾಲು, ಒಂದು ಸೊಂಡಿಲು ಎಂಬ ಲೆಕ್ಕ! ಮುಂದೆ ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದ ಕ್ರೀಡಾವಿಂಶತಿಯಲ್ಲಿ ಚದುರಂಗಕ್ಕೂ ಸ್ಥಾನ ಕೊಟ್ಟನು. ಅವನ ರಾಜಧಾನಿ ಕಲ್ಯಾಣ. ಡೊಂಬಿವಲಿಯ ನಮಗೆ ಕಲ್ಯಾಣವೆಂದೊಡನೆ ಲೋಕಲ್ ಗಾಡಿಯ ನಿಲ್ದಾಣ ನೆನಪಾಗುವುದು ಸಹಜ. ಆದರೆ ಇದು ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ.

ಪಾರಸಿಕರ ಮೂಲಕ ಅರಬರನ್ನು ಸೇರಿದ ಆಟ ಶತ್ರಂಜ್ ಆಯಿತು. ಅಲ್ಲಿ ಮಂತ್ರಿ ದುರ್ಬಲ. ಓರೆಯಾಗಿ ಒಂದೇ ಮನೆ ಅವನ ಓಟ. ಇಂದು ಒಂಟೆ ನಿಲ್ಲುವ ಜಾಗದ ಕಾಯಿ ಓರೆಯಲ್ಲಿ ಎರಡನೆಯ ಮನೆಗೆ ಹಾರಬಲ್ಲದಷ್ಟೆ. ಸೈನ್ಯಗಳು ಎದುರಾಗುವುದಕ್ಕೇ ಹತ್ತಾರು ನಡೆ ಬೇಕು. ಎದುರಾಳಿಯ ಸೇನೆಯನ್ನೆಲ್ಲ ಹೊಡೆದು ರಾಜನೊಬ್ಬನನ್ನೇ ಉಳಿಸಿದರೂ ಸಾಮಾನ್ಯವಾಗಿ ಗೆಲುವು. ನಡೆಯಿಲ್ಲದಂತೆ ಅವನನ್ನು ಇಕ್ಕಟ್ಟಿಗೆ ಸಿಕ್ಕಿಸಿದರೂ ಗೆಲುವು. ಹದಿನೈದನೆಯ ಶತಮಾನದ ಕೊನೆಯಲ್ಲಿ ಯುರೋಪಿನವರು ತಾವು ರಾಣಿಯೆಂದು ಕರೆಯುತ್ತಿದ್ದ ಮಂತ್ರಿಗೆ ಎಂಟು ದಿಕ್ಕಿಗೂ ಎಷ್ಟು ದೂರವಾದರೂ ಓಡುವ ಬಲ ಕೊಟ್ಟರು. ಸ್ಪೇನಿನ ಲುಸೇನ 1497ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹಳೆಯ ನಿಯಮದ ಸಮಸ್ಯೆಗಳೂ ಹೊಸ ನಿಯಮದವೂ ಜತೆಯಲ್ಲೇ ಇವೆ. ಮುತ್ತಿಗೆಯ ಯುದ್ಧ ಮಿಂಚುದಾಳಿಯ ಯುದ್ಧವಾಯಿತು. ಗೆಲುವಿನ ಅರ್ಥವೂ ಬದಲಾಯಿತು: ಈಗ ರಾಜನು ಒಬ್ಬನೇ ಉಳಿದ ಮಾತ್ರಕ್ಕೆ ಸೋಲಲ್ಲ, ನಡೆಯಿಲ್ಲದೆ ಸಿಕ್ಕಿಕೊಂಡರೆ ಆಟ ಸಮ.

ಮಂತ್ರಿ, ಒಂಟೆಗಳ ಈ ಹೊಸ ಬಲವನ್ನು ನಮ್ಮ ದೇಶದವರೂ ಕ್ರಮೇಣ ಒಪ್ಪಿಕೊಂಡರು. ಮಿಕ್ಕ ತಿದ್ದುಪಡಿಗಳನ್ನು ಮಾತ್ರ ಸುಲಭವಾಗಿ ಒಪ್ಪಲಿಲ್ಲ. ನಮ್ಮ ದೇಶೀ ಆಟದಲ್ಲಿ ಹಲವು ಕಡೆ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಹೆಜ್ಜೆ. ಕೋಟೆ ಕಟ್ಟುವ ಕ್ರಮವಿಲ್ಲ. ಅದರ ಬದಲು, ಒಮ್ಮೆಯೂ ಶಹಕ್ಕೆ ಒಳಗಾಗದ ರಾಜನು ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದು. ಇನ್ನು ಬಡ್ತಿಯ ನಿಯಮವಂತೂ ನಮ್ಮಂಥ ಗುಮಾಸ್ತರು ಗಮನಿಸಬೇಕಾದದ್ದು! ಕೊನೆಯ ಸಾಲು ಮುಟ್ಟಿದ ಕಾಲಾಳಿಗೆ ಅದು ಸೇರಿದ ಮನೆಯ ಹುದ್ದೆಯೇ ಸಿಗುವುದು: ಕುದುರೆಯ ಮನೆಯಾದರೆ ಕುದುರೆ, ಆನೆಯ ಮನೆಯಾದರೆ ಆನೆ. ಅದೂ ಕೆಲವೆಡೆ, ಆ ಕಾಯಿ ಮೊದಲೇ ಸತ್ತು ಸ್ಥಾನ ತೆರವಾಗಿದ್ದರೆ ಮಾತ್ರ. ಅಂತರರಾಷ್ಟ್ರೀಯ ಆಟದಲ್ಲಿ ಯಾವ ಮನೆ ಮುಟ್ಟಿದರೂ ನೇರ ಮಂತ್ರಿ ಪದವಿಯನ್ನೇ ಪಡೆಯಬಹುದು. ಒಬ್ಬ ಮಂತ್ರಿ ಇರುವಾಗಲೇ ಇನ್ನೊಬ್ಬ ಬರಬಹುದು.

ಇಷ್ಟೆಲ್ಲ ಮಾರ್ಪಾಡುಗಳ ನಡುವೆಯೂ ಕುದುರೆಯ ನಡೆ ಇದ್ದಂತೆಯೇ ಉಳಿಯಿತು. ಈ ಕುದುರೆಗೆ ಮನಸೋತವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಕಿತ್ತುಕೊಂಡ ಮೇಲೆ, ಕೈಯಲ್ಲಿ ಸೈನ್ಯವಿಲ್ಲದ ಅರಸರು ಹಲಗೆಯ ಮೇಲೆ ಬುದ್ಧಿಯನ್ನು ಹರಿಯಬಿಟ್ಟರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಆಟಗಳದೇ ಒಂದು ಲೋಕವಿದೆ. ಕುದುರೆಯೊಂದು 64 ಮನೆಗಳನ್ನೂ ತಲಾ ಒಂದೇ ಸಲ ಮುಟ್ಟುವಂತೆ ಅವರು ಹೆಣೆದ ಒಂದು ನಡೆಯಲ್ಲಿ, ಮನೆಗಳಿಗೆ ಕ್ರಮವಾಗಿ ಅಂಕಿ ಹಾಕಿದರೆ ಪ್ರತಿ ಅಡ್ಡಸಾಲಿನ ಮೊತ್ತವೂ 260, ಪ್ರತಿ ಕಂಬಸಾಲಿನ ಮೊತ್ತವೂ 260. ಎರಡು ಕರ್ಣಗಳಿಗೂ ಇದೇ ಮೊತ್ತ ಬರುವಂತೆ ಮಾಡುವುದು ಅಸಾಧ್ಯವೆಂದು 2003ರಲ್ಲಿ ಗಣಕಯಂತ್ರಗಳ ನೆರವಿನಿಂದ ತೀರ್ಮಾನವಾಯಿತು. ಎಂದರೆ ಅರಸರು ಬಹುಮಟ್ಟಿಗೆ ಈ ದಾರಿಯ ಕೊನೆಯನ್ನೇ ಮುಟ್ಟಿದ್ದರು.

ಎರಡು ಪದ್ಧತಿಗಳ ಮುಖಾಮುಖಿಗೆ ನಮ್ಮ ಮುಂಬಯಿಯೂ ಸಾಕ್ಷಿ. ತ್ರಿವೆಂಗಡಾಚಾರ್ಯ ಶಾಸ್ತ್ರಿಗಳು ಸಂಸ್ಕೃತದಲ್ಲಿದ್ದ ಚದುರಂಗದ ಸಮಸ್ಯೆಗಳನ್ನು ಯುರೋಪಿನ ಕ್ರಮಕ್ಕೆ ಹೊಂದಿಸಿ ಇಂಗ್ಲಿಷಿಗೆ ತಂದ ಪುಸ್ತಕ 1814ರಲ್ಲಿ ಅಚ್ಚಾದದ್ದು ಇಲ್ಲಿಯೇ. 1924ರಲ್ಲಿ ಪ್ಯಾರಿಸಿನಲ್ಲಿ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಹುಟ್ಟಿದ ಮೇಲೆ ಲೋಕಕ್ಕೆಲ್ಲ ಒಂದೇ ನಿಯಮವೆಂಬ ಕಾಲ ಬಂತು. ದೇಶೀ ನಿಯಮದಲ್ಲಿ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಹೊಸ ಕ್ರಮವನ್ನು ಕಲಿತು 1929, 1932 ಹಾಗೂ 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕರನ್ನೂ ಸೋಲಿಸಿದರು. ದೇಶೀ ಆಟದಲ್ಲಿ ಪಳಗಿದ ಬುದ್ಧಿ ಯಾವುದಕ್ಕೂ ಕಡಿಮೆಯದಲ್ಲವೆನ್ನಲು ಬೇರೆ ಸಾಕ್ಷಿ ಬೇಕೆ?

ಇಂದಿನ ಹುಡುಗರಲ್ಲಿ ಕೆಲವರು ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಅಮೆರಿಕದ ಕಲ್ಪನಾಲೋಕದ ಆಟವೂ ದೂರದಿಂದ ಚದುರಂಗದ ವಂಶದ್ದೇ. 1780ರಲ್ಲಿ ಜರ್ಮನಿಯ ಹೆಲ್ವಿಗ್ ಚದುರಂಗವನ್ನು ಹಿಗ್ಗಿಸಿ ಯುದ್ಧದಾಟ ಮಾಡಿದ. ಆ ಬಗೆಯ ಆಟಗಳ ಪರಂಪರೆಯಲ್ಲೇ 1974ರಲ್ಲಿ ಇದು ಬಂತು. ಮೊದಲ ಆವೃತ್ತಿಗಳಲ್ಲಿ ಕವಚದ ಅಂಕ ಇಳಿದಷ್ಟೂ ರಕ್ಷಣೆ ಹೆಚ್ಚು; 2000ದ ಆವೃತ್ತಿಯಲ್ಲಿ ಇದು ತಿರುಗುಮುರುಗಾಯಿತು. ಯಾವ ಆವೃತ್ತಿಯ ಕಾಳಗ ಸೊಗಸೆಂದು ಆಟಗಾರರು ಇಂದಿಗೂ ವಾದಿಸುತ್ತಾರೆ. ವಾದಿಸಲು ಅವರಿಗೆ ಸಾಧ್ಯ. ಏಕೆಂದರೆ ಪ್ರತಿಯೊಂದು ಆವೃತ್ತಿಯೂ ಅಚ್ಚಿನಲ್ಲಿದೆ.

ನಮ್ಮ ಊರೂರಿನ ಚದುರಂಗಕ್ಕೆ ಆ ಭಾಗ್ಯವಿಲ್ಲ. ಅದರ ನಿಯಮಗಳು ಇದ್ದದ್ದು ಜಗಲಿಯ ಮೇಲೆ, ಆಡುವವರ ಬಾಯಲ್ಲಿ. ಊರಿನಿಂದ ಬಂದ ಹಿರಿಯರು ರಾಜನನ್ನು ಕುದುರೆಯಂತೆ ಹಾರಿಸಿದರೆ ಇಲ್ಲಿ ಮೊಬೈಲಿನಲ್ಲಿ ಆಟ ಕಲಿತ ಮೊಮ್ಮಕ್ಕಳು 'ಅಜ್ಜ, ಇದು ಚೀಟಿಂಗ್' ಎನ್ನುತ್ತಾರೆ. ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಒಂದು ಆವೃತ್ತಿ ಅಲ್ಲಿಗೆ ಮುಗಿಯಿತು. ಅದು ಮೋಸವಲ್ಲ, ಬೇರೊಂದು ಕಾಯಿದೆ ಎಂದು ಮಕ್ಕಳಿಗೆ ಹೇಳುವವರು ನಾವೇ ಆಗಬೇಕು.

ನೆರೆಯ ಮರಾಠಿ ಬಂಧುಗಳು ಈ ಆಟವನ್ನು 'ಬುದ್ಧಿಬಳ' ಎನ್ನುತ್ತಾರೆ. ಸೊಗಸಾದ ಹೆಸರು. ಆ ಬಲ ನಮ್ಮ ಹಿರಿಯರಲ್ಲಿ ಯಾವ ಯಾವ ರೂಪದಲ್ಲಿತ್ತೆಂಬುದನ್ನು ನಾವು ಬರೆದಿಡೋಣ. ಧಾರವಾಡದ್ದೋ, ಉಡುಪಿಯದೋ, ಕಲಬುರಗಿಯದೋ, ನಿಮ್ಮ ಮನೆಯ ಹಿರಿಯರು ಆಡುತ್ತಿದ್ದ ನಿಯಮಗಳನ್ನು ಕೇಳಿ ಒಂದು ಹಾಳೆಯಲ್ಲಿ ಗುರುತುಹಾಕಿ, ಊರಿನ ಹೆಸರನ್ನೂ ಬರೆಯಿರಿ. ಕಾಲಾಳಿನ ಮೊದಲ ಹೆಜ್ಜೆ, ರಾಜನ ಹಾರಾಟ, ಬಡ್ತಿಯ ಕ್ರಮ, ಗೆಲುವಿನ ಲೆಕ್ಕ: ಈ ನಾಲ್ಕನ್ನು ತಿಳಿದರೂ ಸಾಕು, ಅಲ್ಲಿನ ಕಾಳಗದ ಚಿತ್ರ ಕಣ್ಣಮುಂದೆ ನಿಲ್ಲುತ್ತದೆ.